ಹೊರಗೆ ಕೂತ ಹೆಣ್ಣಿಲಿ

ನಮ್ಮ ಎದುರುಮನೆಯ ಗಂಡ ಹೆಂಡತಿ ಕಳೆದ ಯುಗಾದಿಯಂದು ಒಟ್ಟಿಗೇ ಸಿಗರೇಟು ಬಿಟ್ಟರು. ಬೇವು ಬೆಲ್ಲ ತಿಂದ ಬಾಯಿಗೆ ಇನ್ನು ಹೊಗೆ ಮುಟ್ಟಿಸುವುದಿಲ್ಲ ಎಂದು ದೇವರ ಮುಂದೆ ಕೈಮುಗಿದು, ಒಂದೇ ಮೆಡಿಕಲ್ ಶಾಪಿನಿಂದ ಒಂದೇ ಕಂಪನಿಯ, ಒಂದೇ ಮಿಲಿಗ್ರಾಮಿನ ನಿಕೋಟಿನ್ ಪಟ್ಟಿ ತಂದು ಇಬ್ಬರೂ ತೋಳಿಗೆ ಅಂಟಿಸಿಕೊಂಡರು. ಮೂರು ತಿಂಗಳಲ್ಲಿ ಗಂಡ ಗೆದ್ದ. ಹೆಂಡತಿ ಹತ್ತೊಂಬತ್ತನೆಯ ದಿನಕ್ಕೇ ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಸಿಕ್ಕಿಬಿದ್ದಳು.

ಗೆದ್ದ ಗಂಡಸು ಸುಮ್ಮನಿರುವುದುಂಟೆ? ಮೂಲೆಯ ಕಾಂಡಿಮೆಂಟ್ಸ್ ಅಂಗಡಿಯ ಮುಂದೆ ಈಗ ಅವನದು ನಿತ್ಯ ಪ್ರವಚನ. ಮೊದಲು ಟೀ ಜೊತೆ ದಮ್ಮು ಹೊಡೆಯಲು ಬರುತ್ತಿದ್ದವನು ಈಗ ಟೀ ಜೊತೆ ಉಪದೇಶ ಹೊಡೆಯಲು ಬರುತ್ತಾನೆ. "ವಿಲ್ ಪವರ್ ಬೇಕು ಸಾರ್, ವಿಲ್ ಪವರ್! ಹೆಂಗಸರಿಗೆ ಅದು ಒಂಚೂರು ಕಮ್ಮಿ." ಸುತ್ತ ನಿಂತು ಹೊಗೆ ಬಿಡುತ್ತಿರುವ ಐದಾರು ಜನ, ಎಂದರೆ ವಿಲ್ ಪವರಿನ ಸಗಟು ವ್ಯಾಪಾರಿಗಳು, ಹೌದು ಹೌದೆಂದು ತಲೆಯಾಡಿಸುತ್ತಾರೆ. ಒಬ್ಬನಂತೂ ಆ ಮಾತಿಗೆ ಮೆಚ್ಚಿ ಇನ್ನೊಂದು ಹಚ್ಚಿದ.

ಈ ವಿಲ್ ಪವರ್ ಅನ್ನುವುದು ದೇಹದಲ್ಲಿ ಎಲ್ಲಿದೆ ಎಂದು ಹುಡುಕಿಕೊಂಡು ಹೋದೆ. ಅದು ಸಿಕ್ಕಿದ್ದು ಲಿವರಿನಲ್ಲಿ.

ಲಿವರಿನಲ್ಲಿ ಸಿವೈಪಿ2ಎ6 ಎಂಬ ಕಿಣ್ವವೊಂದಿದೆ. ಹೆಸರು ಮೋಟಾರು ಗಾಡಿಯ ನಂಬರಿನಂತಿದ್ದರೂ ಕೆಲಸ ಶುದ್ಧ ಮನೆಗೆಲಸ: ರಕ್ತಕ್ಕೆ ಬಂದ ನಿಕೋಟಿನ್ನನ್ನು ಕೊಟಿನಿನ್ ಆಗಿ ಒಡೆದು ಹೊರಗೆ ಸಾಗಹಾಕುವುದು. ಸಾಮಾನ್ಯವಾಗಿ ಹೆಂಗಸರ ಲಿವರು ಈ ಕೆಲಸವನ್ನು ಗಂಡಸರದಕ್ಕಿಂತ ಬೇಗ ಮುಗಿಸುತ್ತದೆ. ಈಸ್ಟ್ರೊಜೆನ್ ಹಾರ್ಮೋನು ಆ ಕಿಣ್ವದ ಬೆನ್ನಿಗೆ ನಿಂತು ಚುರುಕು ಮಾಡಿಸುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇನ್ನೂ ಬೇಗ, ಬಸುರಿಯರಲ್ಲಿ ಮತ್ತೂ ಬೇಗ. ಎಂದರೆ ಗಂಡನ ತೋಳಿನಿಂದ ಇಳಿದ ನಿಕೋಟಿನ್ ಅತ್ತೆಮನೆಗೆ ಬಂದ ಅಳಿಯನಂತೆ ಆರಾಮಾಗಿ ಕಾಲುಚಾಚಿ ಕೂತಿದ್ದರೆ, ಹೆಂಡತಿಯ ತೋಳಿನಿಂದ ಇಳಿದದ್ದನ್ನು ಅವಳ ಲಿವರು ಆಗಲೇ ಗುಡಿಸಿ, ಸಾರಿಸಿ, ರಂಗೋಲಿ ಇಟ್ಟಿರುತ್ತದೆ. ಮನೆಗೆಲಸ ಬೇಗ ಮುಗಿಸಿದ್ದಕ್ಕೆ ಹೆಂಗಸಿಗೆ ಬಹುಮಾನ ಸಿಕ್ಕಿದ್ದು ಯಾವ ಕಾಲದಲ್ಲಿ? ಇಲ್ಲೂ ಬೈಗುಳವೇ. ಲಿವರು ಚುರುಕಾಗಿದ್ದಕ್ಕೆ ಮನಸ್ಸು ದುರ್ಬಲ ಎಂಬ ಸರ್ಟಿಫಿಕೇಟು.

ಪಟ್ಟಿಯಿಂದ ಹೆಂಗಸರಿಗೆ ಉಪಯೋಗವೇ ಇಲ್ಲವೆಂದಲ್ಲ. ಗಂಡಸರಿಗೆ ಆದಷ್ಟು ಆಗುವುದಿಲ್ಲ, ಅಷ್ಟೆ. ಹಲವು ಪರೀಕ್ಷೆಗಳನ್ನು ಒಟ್ಟುಹಾಕಿ ನೋಡಿದವರಿಗೆ ಕಂಡದ್ದು ಅದು. ವರೆನಿಕ್ಲೀನ್ ಎಂಬ ಮಾತ್ರೆಯ ವಿಷಯದಲ್ಲಿ ಕಥೆ ಬೇರೆ: ಹೆಂಗಸರಲ್ಲಿ ಅದು ಪಟ್ಟಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಗಂಡಸರಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ ಎಂದು 2016ರಲ್ಲೇ ಲೆಕ್ಕ ಒಪ್ಪಿಸಿದ್ದಾರೆ. ಈ ಲೆಕ್ಕ ಕಾಂಡಿಮೆಂಟ್ಸ್ ಅಂಗಡಿಯ ವಿದ್ವತ್ಸಭೆಗೆ ಇನ್ನೂ ತಲುಪಿಲ್ಲ.

ಲಿವರಿನ ಪುರಾಣ ಇಷ್ಟಾಯಿತು. ಮಿದುಳಿನದು ಇನ್ನೂ ಸ್ವಾರಸ್ಯ. ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನೊಳಗೆ ಮಿದುಳಿಗೆ ಹೋಗಿ, ತನಗೆಂದೇ ಎಲೆ ಹಾಕಿಟ್ಟಿದ್ದಾರೋ ಎಂಬಂತೆ ಕೆಲವು ಗ್ರಾಹಕಗಳ ಮುಂದೆ ಕೂತುಬಿಡುತ್ತದೆ. ಅಸಲಿಗೆ ಅವು ಅಸಿಟೈಲ್‌ಕೋಲಿನ್ ಎಂಬ ನಮ್ಮದೇ ಮಿದುಳಿನ ರಾಸಾಯನಿಕಕ್ಕೆ ಹಾಕಿದ ಎಲೆಗಳು. ನಿಕೋಟಿನ್ ಕರೆಯದೆ ಬಂದ ನೆಂಟ. ದಿನಾ ಹಿಂಡುಗಟ್ಟಿ ಬರುವ ಈ ನೆಂಟರ ಕಾಟಕ್ಕೆ ಮಿದುಳು ಪಂಕ್ತಿಯಲ್ಲಿ ಹೆಚ್ಚುವರಿ ಎಲೆ ಹಾಕತೊಡಗುತ್ತದೆ. ಚಟ ಬಿಟ್ಟಾಗ ಆ ಖಾಲಿ ಎಲೆಗಳೇ "ಬಡಿಸಿ, ಬಡಿಸಿ" ಎಂದು ಕೂಗುವುದು. ಇದು ನಾವೆಲ್ಲ ಓದಿಕೊಂಡು ಬಂದ ಪಾಠ. ಯೇಲ್ ವಿಶ್ವವಿದ್ಯಾಲಯದ ಕೆಲ್ಲಿ ಕಾಸ್‌ಗ್ರೋವ್ ಮತ್ತು ಸಂಗಡಿಗರು 2012ರಲ್ಲಿ ಸ್ಕ್ಯಾನ್ ಮಾಡಿ ಎಲೆ ಎಣಿಸಿದರು. ಸೇದುವ ಗಂಡಸರಲ್ಲಿ, ಸೇದದ ಗಂಡಸರಿಗಿಂತ ಎಲೆಗಳು ಹೆಚ್ಚಿದ್ದವು. ಸೇದುವ ಹೆಂಗಸರಲ್ಲಿ, ಸೇದದ ಹೆಂಗಸರಿಗಿಂತ ಹೆಚ್ಚಿರಲಿಲ್ಲ.

ಅಲ್ಲಿಗೆ ಪಾಠ ಗಂಡಸರ ಪಾಠವಾಯಿತು. ಅಷ್ಟು ವರ್ಷ ಅದನ್ನು 'ಮನುಷ್ಯರ ಮಿದುಳು' ಎಂಬ ಅಧ್ಯಾಯದಲ್ಲಿ ಹೇಳಿಕೊಡುತ್ತಿದ್ದರು.

ಅದೇ ತಂಡ 2014ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸ್ಕ್ಯಾನರಿನೊಳಗೇ ಸಿಗರೇಟು ಸೇದಿಸಿ, ಡೋಪಮೀನ್ ಎಲ್ಲಿ ಯಾವಾಗ ಉಕ್ಕುತ್ತದೆಂದು ಸಿನಿಮಾ ತೆಗೆದಂತೆ ತೆಗೆಯಿತು. (ಆ ಸಿನಿಮಾದ ಕೆಳಗೆ 'ಧೂಮಪಾನ ಆರೋಗ್ಯಕ್ಕೆ ಹಾನಿಕರ' ಎಂದು ಹಾಕಿದ್ದರೋ ಏನೋ.) ಗಂಡಸರಲ್ಲಿ ಅದು ಸುಖದ, ಬಹುಮಾನದ ಕೇಂದ್ರವಾದ ಕೆಳಭಾಗದ ಸ್ಟ್ರಯೇಟಮ್ಮಿನಲ್ಲಿ ಥಟ್ಟನೆ, ಒಬ್ಬರಾದ ಮೇಲೊಬ್ಬರಲ್ಲಿ ಒಂದೇ ರೀತಿ ಉಕ್ಕಿತು. ಹೆಂಗಸರಲ್ಲಿ ಬೇಗ ಉಕ್ಕಿದ್ದು ಮೇಲಿನ ಪ್ಯುಟಾಮೆನ್ನಿನ ಒಂದು ಮೂಲೆಯಲ್ಲಿ. ಅದು ಅಭ್ಯಾಸದ, ಕೈ ತಾನೇ ತಾನಾಗಿ ಮಾಡುವ ಕೆಲಸದ ಜಾಗ. ಸ್ಕ್ಯಾನರಿಗೆ ಮಲಗಿದವರು ಬೆರಳೆಣಿಕೆಯ ಮಂದಿ. ಅಷ್ಟರಿಂದಲೇ ಹೆಣ್ಣುಕುಲದ ಮಿದುಳಿನ ನಕ್ಷೆ ಬರೆದುಬಿಡುವುದು ಬೇಡ. ಆದರೂ ಪಿಟ್ಸ್‌ಬರ್ಗಿನ ಕೆನೆತ್ ಪರ್ಕಿನ್ಸ್ ಬಹಳ ಹಿಂದಿನಿಂದ ಹೇಳುತ್ತ ಬಂದದ್ದಕ್ಕೆ ಇದು ಹೊಂದಿಕೊಂಡಿತು. ಗಂಡಸರು ಹೆಚ್ಚಾಗಿ ನಿಕೋಟಿನ್ನಿಗಾಗಿ ಸೇದುತ್ತಾರೆ, ಹೆಂಗಸರನ್ನು ಹಿಡಿದಿಡುವುದರಲ್ಲಿ ನಿಕೋಟಿನ್ನಿನ ಜೊತೆಗೆ ವಾಸನೆ, ರುಚಿ, ಬೆರಳ ಸಂದಿಯ ಆ ಬಿಸಿ, ಹೊತ್ತು, ಜಾಗ ಇವುಗಳ ಪಾಲು ದೊಡ್ಡದು ಎಂಬುದು ಅವರ ವಾದ. ಮೂಗು ಬಾಯಿಗೆ ವಾಸನೆ ರುಚಿ ಹತ್ತದಂತೆ ಮಾಡಿ ಸೇದಿಸಿದಾಗ ಹೆಂಗಸರ ಸುಖಕ್ಕೆ ಬಿದ್ದ ಕತ್ತರಿ ಗಂಡಸರದಕ್ಕಿಂತ ದೊಡ್ಡದಿತ್ತು.

ನಮ್ಮ ಎದುರುಮನೆಯಾಕೆಗೆ ಬೇಕಿದ್ದದ್ದರಲ್ಲಿ ಆ ನೀರಿನ ಟ್ಯಾಂಕಿನ ಹಿಂದಿನ ಹತ್ತು ನಿಮಿಷವೂ ಒಂದು. ಆಫೀಸು, ಅಡುಗೆ, ಅತ್ತೆಯ ಬಿಪಿ, ಮಗನ ಟ್ಯೂಷನ್ನು ಯಾವುದೂ ಹತ್ತಿ ಬರದ ಹತ್ತು ನಿಮಿಷ. ಅದನ್ನು ತೋಳಿಗೆ ಅಂಟಿಸುವ ಪಟ್ಟಿಯಲ್ಲಿ ತುಂಬಿ ಮಾರುವ ಕಂಪನಿ ಇನ್ನೂ ಹುಟ್ಟಿಲ್ಲ.

ಹಾಗಾದರೆ ಇಷ್ಟು ದಿನ ವಿಜ್ಞಾನ ಏನು ಮಾಡುತ್ತಿತ್ತು ಎಂದು ಕೇಳಬಹುದು. ಗಂಡಿಲಿ ಸಾಕುತ್ತಿತ್ತು.

ಇದು ತಮಾಷೆಯ ಮಾತಲ್ಲ. ಅಮೆರಿಕದ ಬೀರಿ ಮತ್ತು ಝುಕರ್ ಎಂಬ ಇಬ್ಬರು 2011ರಲ್ಲಿ ಪ್ರಯೋಗಾಲಯದ ಪ್ರಾಣಿಗಳ ತಲೆ ಎಣಿಸಿದರು. ನರವಿಜ್ಞಾನದಲ್ಲಿ ಒಂದೇ ಲಿಂಗದ ಪ್ರಾಣಿಗಳ ಮೇಲೆ ನಡೆದ ಅಧ್ಯಯನಗಳ ಪೈಕಿ ಹೆಣ್ಣಿನ ಮೇಲೆ ಒಂದಾದರೆ ಗಂಡಿನ ಮೇಲೆ ಐದೂವರೆ. ಕಾರಣ? ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಋತುಚಕ್ರ ಸುತ್ತುತ್ತದೆ, ಹಾರ್ಮೋನು ಏರಿಳಿಯುತ್ತದೆ, ಲೆಕ್ಕ ಕೆಡುತ್ತದೆ, ಆದ್ದರಿಂದ ಪ್ರಯೋಗಕ್ಕೆ ಬೇಡ. ಓದಿ ನನಗೆ ನಮ್ಮಜ್ಜಿಯ ಮನೆಯ ಹಿತ್ತಲು ನೆನಪಾಯಿತು. ಅಲ್ಲಿ ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ ಕೂರುತ್ತಿದ್ದರು: ಅಡುಗೆ ಮುಟ್ಟುವಂತಿಲ್ಲ, ದೇವರ ಗೂಡಿನ ಕಡೆ ಸುಳಿಯುವಂತಿಲ್ಲ. ನಾವು ಅದನ್ನು ಮೂಢನಂಬಿಕೆ ಎಂದು ಜರೆದು, ಬಿಎಸ್ಸಿ ಓದಿ, ವಿದೇಶಕ್ಕೆ ಹೋಗಿ, ಬಿಳಿ ಕೋಟು ತೊಟ್ಟು ಲ್ಯಾಬಿನ ಬಾಗಿಲು ತೆರೆದರೆ ಅಲ್ಲಿ ಹೆಣ್ಣಿಲಿ ಹೊರಗೆ ಕೂತಿದೆ! ಅಜ್ಜಿಯದಾದರೂ ಮೂರೇ ದಿನದ ಮಡಿ. ಇವರದು ವರ್ಷಪೂರ್ತಿ.

ಮಡಿಗೆ ಆಧಾರವಾದರೂ ಇತ್ತೇ ಎಂದು 2014ರಲ್ಲಿ ಮತ್ತೊಂದು ತಂಡ ಸುಮಾರು ಮುನ್ನೂರು ಲೇಖನಗಳನ್ನು ಜಾಲಾಡಿತು. ಹೆಣ್ಣು ಸುಂಡಿಲಿಗಳ ಅಂಕಿಅಂಶ ಗಂಡಿನದಕ್ಕಿಂತ ಹೆಚ್ಚು ಏರುಪೇರಾಗಿರಲಿಲ್ಲ, ಅವು ಚಕ್ರದ ಯಾವ ದಿನದಲ್ಲಿದ್ದರೂ ಸರಿಯೆ. ಬದಲಿಗೆ ಹಲವನ್ನು ಒಂದೇ ಪಂಜರದಲ್ಲಿ ಕೂಡಿಹಾಕಿದಾಗ ಏರುಪೇರು ಜಾಸ್ತಿಯಾಗುತ್ತಿತ್ತು. ಗಂಡುಗಳಿಗಂತೂ ಯಜಮಾನ ಯಾರೆಂದು ತೀರ್ಮಾನವಾಗುವವರೆಗೆ ನೆಮ್ಮದಿಯಿಲ್ಲ. ಇದಕ್ಕೆ ವಿಧಾನಸೌಧದಿಂದ ಉದಾಹರಣೆ ಕೊಡಬಹುದಿತ್ತು, ಸುಂಡಿಲಿಗಳ ಮನಸ್ಸಿಗೆ ನೋವಾದೀತೆಂದು ಬಿಟ್ಟಿದ್ದೇನೆ.

ಮನುಷ್ಯರ ಕಡೆಯೂ ಮಡಿಯೇ. ಬಸುರಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಮಕ್ಕಳು ಅಂಗವಿಕಲರಾಗಿ ಹುಟ್ಟಿದ ದುರಂತದ ಭಯಕ್ಕೆ ಅಮೆರಿಕದ ಔಷಧ ಇಲಾಖೆ 1977ರಲ್ಲಿ, ಹೆರುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಮೊದಲ ಹಂತದ ಪರೀಕ್ಷೆಗಳಿಂದ ದೂರವಿಡಿ ಎಂದಿತು. ಹಿಂತೆಗೆದುಕೊಂಡದ್ದು 1993ರಲ್ಲಿ. ಔಷಧವನ್ನು ಗಂಡಸಿನ ಮೇಲೆ ಪರೀಕ್ಷಿಸು, ಹೆಂಗಸಿಗೆ ಬರೆದುಕೊಡು. ಝೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆಗೆ ಅಲ್ಲಿ ಅನುಮತಿ ಸಿಕ್ಕಿದ್ದು 1992ರಲ್ಲಿ. ಹೆಂಗಸರ ರಕ್ತದಲ್ಲಿ ಅದು ಬೆಳಗಿನವರೆಗೂ ಉಳಿಯುತ್ತದೆ, ಅವರಿಗೆ 10 ಮಿಲಿಗ್ರಾಮಲ್ಲ, 5 ಸಾಕು ಎಂದು ಲೇಬಲ್ ತಿದ್ದಿದ್ದು 2013ರಲ್ಲಿ. ನಿಕೋಟಿನ್ ಹೆಂಗಸರಲ್ಲಿ ಬೇಗ ಹೋಗುತ್ತದೆ, ಇದು ನಿಧಾನವಾಗಿ ಹೋಗುತ್ತದೆ. ಎರಡರಲ್ಲೂ ಅಳತೆ ಮಾತ್ರ ಗಂಡಸಿನದೇ. ಇನ್ನು ಪ್ರಾಣಿ ಪ್ರಯೋಗಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಣ ಕೊಡಬೇಕಾದರೆ ಲಿಂಗಭೇದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂಬ ನಿಯಮ ಬಂದದ್ದು 2016ರಲ್ಲಿ. ಮಂಗಳ ಗ್ರಹದ ಸುತ್ತ ನಮ್ಮ ನೌಕೆ ಸುತ್ತತೊಡಗಿದ ಮೇಲೆ, ಭೂಮಿಯ ಮೇಲೆ ಹೆಣ್ಣಿಲಿ ಇದೆಯೆಂಬುದು ಅಧಿಕೃತವಾಯಿತು.

ವಿಜ್ಞಾನಿಗಳು ತಡ ಮಾಡಿದರು ನಿಜ. ಹೆಣ್ಣಿನ ಮನಸ್ಸನ್ನು ತಡಮಾಡದೆ, ಗೌರವದಿಂದ, ಖರ್ಚಿಗೆ ಹಿಂಜರಿಯದೆ ಅಧ್ಯಯನ ಮಾಡಿದವರು ಮಾತ್ರ ಬೇರೆ ಇದ್ದರು. ಸಿಗರೇಟು ಕಂಪನಿಯವರು.

1929ರ ಈಸ್ಟರ್ ಹಬ್ಬದಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಕೆಲವು ಯುವತಿಯರು ಮೆರವಣಿಗೆಯ ನಡುವೆ ಸಿಗರೇಟು ಹಚ್ಚಿದರು. ಅವು ಸಿಗರೇಟಲ್ಲ, 'ಸ್ವಾತಂತ್ರ್ಯದ ಪಂಜು' ಎಂದು ಸುದ್ದಿಯಾಯಿತು. ಹಿಂದೆ ನಿಂತು ಸೂತ್ರ ಆಡಿಸಿದವನು ಎಡ್ವರ್ಡ್ ಬರ್ನೇಸ್, ಫ್ರಾಯ್ಡನ ಸೋದರಳಿಯ, ಅಮೆರಿಕನ್ ಟೊಬ್ಯಾಕೊ ಕಂಪನಿಯ ಕೂಲಿಯಾಳು. 'ಪಂಜು' ಎಂಬ ಮಾತು ಕೂಡ ಒಬ್ಬ ಮನೋವಿಶ್ಲೇಷಕನಿಗೆ ಫೀಜು ಕೊಟ್ಟು ತಂದದ್ದು. ಊರಿನ ಹೆಂಗಸರ ಕೈಗೆಲ್ಲ ಪಂಜು ಹಿಡಿಸಿದ ಈ ಮಹಾಶಯ ಮನೆಯಲ್ಲಿ ತನ್ನ ಹೆಂಡತಿಯ ಪಂಜು ಬಿಡಿಸಲು ಹೆಣಗುತ್ತಿದ್ದನಂತೆ.

ಇನ್ನು ಮಾರ್ಲ್‌ಬರೊ. ಕುದುರೆ ಏರಿದ ಕೌಬಾಯ್, ಹೆಗಲ ಮೇಲೆ ಹಗ್ಗ, ಕಣ್ಣಲ್ಲಿ ಮರುಭೂಮಿ! 1924ರಲ್ಲಿ ಹುಟ್ಟಿದಾಗ ಅದು ಹೆಂಗಸರ ಸಿಗರೇಟು. ವಸಂತ ಮಾಸದಷ್ಟು ಮೃದು ಎಂದು ಜಾಹೀರಾತು. ಲಿಪ್‌ಸ್ಟಿಕ್ ಕಲೆ ಕಾಣದಿರಲೆಂದು ಆಮೇಲೆ ತುದಿಗೆ ಕೆಂಪು ಬಣ್ಣ. ವ್ಯಾಪಾರ ಕುದುರಲಿಲ್ಲ. 1950ರ ದಶಕದ ನಡುವೆ ಕುದುರೆ ಹತ್ತಿಸಿದರು, ಗಂಡಾಯಿತು. ನಮ್ಮ ಕಾಂಡಿಮೆಂಟ್ಸ್ ಮುಂದೆ ಮೀಸೆ ತಿರುವುತ್ತ ಆ ಪೊಟ್ಟಣ ಕೇಳುವವರಿಗೆ ಇದನ್ನು ಹೇಳಿ ನೋಡಿದೆ. ಒಬ್ಬನೂ ಬಿಡಲಿಲ್ಲ, ಆದರೆ ಇಬ್ಬರು ಬ್ರ್ಯಾಂಡ್ ಬದಲಾಯಿಸಿದರು.

1968ರಲ್ಲಿ ಮಾರ್ಲ್‌ಬರೊದ ಕಂಪನಿಯೇ ವರ್ಜೀನಿಯಾ ಸ್ಲಿಮ್ಸ್ ಎಂಬ ಹೆಂಗಸರ ಸಿಗರೇಟು ತಂದಿತು. 'ಬಹಳ ದೂರ ಬಂದೆ ಮಗು' ಎಂಬರ್ಥದ ಘೋಷಣೆ ಕೂಗಿ, ಮತ್ತೆರಡು ವರ್ಷಕ್ಕೆ ಹೆಂಗಸರ ಟೆನಿಸ್ ಪಂದ್ಯಾವಳಿಗೂ ದುಡ್ಡು ಸುರಿಯಿತು. ಅಮೆರಿಕದ ರಾಜ್ಯಗಳ ಜೊತೆಗಿನ 1998ರ ಒಪ್ಪಂದದ ನಂತರ ಸಿಗರೇಟು ಕಂಪನಿಗಳ ಕಡತಗಳು ಬಯಲಾದವು. ಅವುಗಳನ್ನು ಓದಿದ ಹಾರ್ವರ್ಡಿನ ಸಂಶೋಧಕರು 2005ರಲ್ಲಿ ಬರೆದದ್ದನ್ನು ನೋಡಿದರೆ ಮೆಚ್ಚುಗೆಯೋ ಹೇಸಿಗೆಯೋ ತಿಳಿಯುವುದಿಲ್ಲ. ಹೆಂಗಸಿಗೆ ಸಿಗರೇಟಿನ ಉದ್ದ ಎಷ್ಟಿರಬೇಕು, ದಪ್ಪ ಎಷ್ಟು, ವಾಸನೆ ಹೇಗೆ, ಪಕ್ಕದವರ ಮೂಗಿಗೆ ಹೊಗೆ ಎಷ್ಟು ಕಮ್ಮಿ ಬಡಿಯಬೇಕು ಎಂದು ದಶಕಗಳ ಕಾಲ ಅಳೆದು ಸುರಿದಿದ್ದಾರೆ. ವಾಸನೆ, ರುಚಿ, ಕೈಬೆರಳು! ಪ್ರಯೋಗಾಲಯ ಆಮೇಲೆ ಒಂದೊಂದಾಗಿ ಕಂಡುಕೊಂಡದ್ದು ವ್ಯಾಪಾರಿಯ ಕಡತದಲ್ಲಿ ಮೊದಲೇ ಫೈಲಾಗಿತ್ತು. ಚಟ ಹಿಡಿಸುವವನು ಹೆಣ್ಣಿನ ಅಳತೆ ತೆಗೆದುಕೊಂಡು ಹೊಲಿದ, ಬಿಡಿಸುವವನು ಗಂಡಿನ ಅಳತೆಯಲ್ಲಿ ಹೊಲಿದು 'ಆಲ್ಟರ್ ಮಾಡಿಸಿಕೊಳ್ಳಮ್ಮ' ಎಂದ.

ನಿಕೋಟಿನ್ ಎಂಬ ಹೆಸರಿನಿಂದಲೇ ಶುರು ಅನ್ನಿ ಈ ಕಥೆ. ಲಿಸ್ಬನ್ನಿನಲ್ಲಿದ್ದ ಫ್ರೆಂಚ್ ರಾಯಭಾರಿ ಝಾನ್ ನಿಕೊ 1560ರ ಸುಮಾರಿಗೆ ಹೊಗೆಸೊಪ್ಪನ್ನು ರಾಣಿ ಕ್ಯಾಥರೀನ್ ದ ಮೆಡಿಚಿಯ ಆಸ್ಥಾನಕ್ಕೆ ಕಳಿಸಿದ, ಅವಳು ಅದನ್ನು ತಲೆನೋವಿಗೆ ಬಳಸಿದಳು ಎಂಬುದು ಪ್ರಸಿದ್ಧ ಕಥೆ. ಸೊಪ್ಪನ್ನು 'ರಾಣಿಯ ಮೂಲಿಕೆ' ಎಂದೂ ಕರೆದರು. ಕೊನೆಗೆ ಉಳಿದದ್ದು ಯಾರ ಹೆಸರು? ಮೂಗಿಗೇರಿಸಿಕೊಂಡವಳದಲ್ಲ, ಪಾರ್ಸೆಲ್ ಮಾಡಿದವನದು.

ನಮ್ಮ ದೇಶದಲ್ಲಿ ಈ ತೊಂದರೆಯಿಲ್ಲ. ಇಲ್ಲಿ ಹೆಂಗಸಿನ ಮಿದುಳನ್ನು ಯಾರೂ ಅಳೆಯುವುದಿಲ್ಲ, ನಡತೆಯನ್ನು ಅಳೆಯುತ್ತೇವೆ. ಅದಕ್ಕೆ ಸ್ಕ್ಯಾನರು ಬೇಡ, ಎದುರುಮನೆಯ ಕಿಟಕಿ ಸಾಕು. ಅದೇ ಸಿಗರೇಟು ಗಂಡಸಿನ ಕೈಯಲ್ಲಿದ್ದರೆ ಚಟ, ಹೆಂಗಸಿನ ಕೈಯಲ್ಲಿದ್ದರೆ ಚಾರಿತ್ರ್ಯ. ಗಂಡಸು ಸೇದಿದರೆ ಶ್ವಾಸಕೋಶ ಕೆಡುತ್ತದೆ, ಹೆಂಗಸು ಸೇದಿದರೆ ಸಂಸ್ಕೃತಿ ಕೆಡುತ್ತದೆ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸೇದುವ ಗಂಡಸರು ಶೇ 19, ಹೆಂಗಸರು ಶೇ 2. ಹಾಗಾದರೆ ಸಂಸ್ಕೃತಿ ಶೇ 98ರಷ್ಟು ಭದ್ರ ಎಂದು ಮೀಸೆ ತಿರುವಬೇಡಿ. ಅದೇ ಸಮೀಕ್ಷೆಯ ಪಕ್ಕದ ಸಾಲಿನಲ್ಲಿ ಹೊಗೆಯಿಲ್ಲದ ತಂಬಾಕು ಬಳಸುವ ಹೆಂಗಸರು ಶೇ 12.8 ಇದ್ದಾರೆ. ಅಜ್ಜಿಯ ಎಲೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇರುತ್ತಿದ್ದ ಕಡ್ಡಿಪುಡಿ, ಹೊಗೆಸೊಪ್ಪಿನ ತುಂಡು, ಅದರಲ್ಲಿದ್ದದ್ದೂ ಅದೇ ನಿಕೋಟಿನ್. ಆದರೆ ಹೊಗೆ ಬರಲಿಲ್ಲ, ಕಿಟಕಿಗೆ ಕಾಣಲಿಲ್ಲ, ಆದ್ದರಿಂದ ಅದು ಚಟವಲ್ಲ, ತಾಂಬೂಲ.

ಸೇದದೆಯೂ ನಿಕೋಟಿನ್ ಪಡೆಯುವ ಭಾಗ್ಯವಂತೆಯರೂ ನಮ್ಮಲ್ಲಿದ್ದಾರೆ. ದಕ್ಷಿಣ ಕನ್ನಡ, ಉಡುಪಿ ಕಡೆ ಮಡಿಲಲ್ಲಿ ತಡ್ಪೆ, ಎಂದರೆ ಮೊರ, ಇಟ್ಟುಕೊಂಡು ದಿನವಿಡೀ ಬೀಡಿ ಕಟ್ಟಿ, ಸಂಜೆ ಬ್ರಾಂಚಿಗೆ ಕೊಟ್ಟು ಬರುವವರು ಬಹುಪಾಲು ಹೆಂಗಸರೇ. ಸೇದುವವನು ಅವನು, ಬೆರಳಿನ ಚರ್ಮದಿಂದ, ಮೂಗಿಗೇರುವ ಪುಡಿಯಿಂದ ಹೀರುವವಳು ಇವಳು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ ಒದ್ದೆ ಎಲೆ ಮುರಿಯುವವರಿಗೂ ಅಷ್ಟೆ. ತಲೆಸುತ್ತು, ವಾಂತಿ ಬಂದರೆ ಅದಕ್ಕೆ ಪುಸ್ತಕದಲ್ಲಿ ಹೆಸರೇ ಇದೆ, ಹಸಿ ತಂಬಾಕಿನ ಕಾಯಿಲೆ. ಇವರು ಯಾರೂ ಚಟದವರ ಪಟ್ಟಿಯಲ್ಲಿಲ್ಲ. ಬಿಡಿಸಿಕೊಳ್ಳುವುದಕ್ಕೆ ಇವರಿಗೆ ಚಟವಿಲ್ಲ, ಇರುವುದು ಕೂಲಿ.

ವಿಜ್ಞಾನ ಹೆಣ್ಣಿನ ಮಿದುಳಿನ ಕಡೆ ಕಣ್ಣು ಹಾಯಿಸಿದ ಕೂಡಲೇ ಇನ್ನೊಂದು ಪೀಡೆ ಶುರುವಾಗುತ್ತದೆ. 2022ರಲ್ಲಿ ಸ್ವೀಡನ್ನಿನ ಉಪ್ಸಲದ ಸಂಶೋಧಕರು, ಒಂದು ಸಿಗರೇಟಿನಷ್ಟು ನಿಕೋಟಿನ್ ಕೊಟ್ಟಾಗ ಹೆಂಗಸರ ಮಿದುಳಿನ ಥಲಾಮಸ್ಸಿನಲ್ಲಿ ಈಸ್ಟ್ರೊಜೆನ್ ತಯಾರಿಸುವ ಕಿಣ್ವ ಕುಗ್ಗಿದ್ದನ್ನು ತೋರಿಸಿದರು. ಪರೀಕ್ಷೆಗೆ ಬಂದವರು ಹತ್ತು ಜನ. ಮುಖ್ಯವಾದ ಸುಳಿವು, ಚಿಕ್ಕ ಪರೀಕ್ಷೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬರುವ ಹೊತ್ತಿಗೆ ಅದು 'ಒಂದೇ ಸಿಗರೇಟಿಗೆ ಹೆಣ್ತನ ನಾಶ: ವಿಜ್ಞಾನಿಗಳ ಎಚ್ಚರಿಕೆ' ಎಂದಾಗಿತ್ತು, ಕೊನೆಯಲ್ಲಿ ಎರಡು ಕೈಮುಗಿದ ಚಿತ್ರ. ಫಾರ್ವರ್ಡ್ ಮಾಡಿದವರು ಅದೇ ಪ್ರವಚನಕಾರರು. ಹೆಂಡತಿಗೆ ಪ್ರತ್ಯೇಕವಾಗಿಯೂ ಕಳಿಸಿದರಂತೆ. ಗಂಡಸಿನ ಸುದ್ದಿಯಾದರೆ ಅಧ್ಯಯನ, ಹೆಂಗಸಿನ ಸುದ್ದಿಯಾದರೆ ಶಾಪ. ಸೇದುವ ಹೆಂಗಸಿಗೆ ಹೃದಯದ ಕಾಯಿಲೆಯ ಅಪಾಯ ಸೇದುವ ಗಂಡಸಿಗಿಂತ ಶೇ 25ರಷ್ಟು ಹೆಚ್ಚು ಏರುತ್ತದೆ ಎಂದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಿದ್ದು ನಾನು ಕಂಡಿಲ್ಲ. ಅದರಲ್ಲಿ ಹೆಣ್ತನದ ಪ್ರಸ್ತಾಪವಿರಲಿಲ್ಲ, ಹೃದಯದ್ದು ಮಾತ್ರ ಇತ್ತು.

ಎದುರುಮನೆಯಾಕೆ ಮತ್ತೆ ಬಿಡುವ ಹವಣಿಕೆಯಲ್ಲಿದ್ದಾಳೆ. ಈ ಸಲ ಮೊದಲೇ ಡಾಕ್ಟರ ಹತ್ತಿರ ಹೋದಳು. ದಿನಕ್ಕೆ ಎಷ್ಟು ಎಂದು ಕೇಳಿದರಂತೆ, ಮನೆಯವರಿಗೆ ಗೊತ್ತಿದೆಯೇ ಎಂದು ಕೇಳಿದರಂತೆ, ಮಕ್ಕಳೆಷ್ಟು ಎಂದೂ ಕೇಳಿದರಂತೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಲಿಲ್ಲ. ಅವಳಿಗೆ ಮೂವತ್ತೇಳು. ಆ ಮಾತ್ರೆ ಮತ್ತು ಸಿಗರೇಟು, ಮೂವತ್ತೈದು ದಾಟಿದ ಮೇಲೆ ಎರಡೂ ಒಟ್ಟಿಗಿರಬಾರದೆಂದು ಮಾತ್ರೆಯ ಜೊತೆ ಬರುವ ಚೀಟಿಯಲ್ಲೇ ಬರೆದಿರುತ್ತದೆ, ಸುಂಡಿಲಿಯ ಕಣ್ಣಿಗೆ ಕಾಣುವಷ್ಟು ಚಿಕ್ಕ ಅಕ್ಷರದಲ್ಲಿ.

ಸಿಗರೇಟು ಪೊಟ್ಟಣದ ಮೇಲೆ ಆ ಕೊಳೆತ ಬಾಯಿಯ ಚಿತ್ರದ ಬಳಿ 1800-11-2356 ಎಂದು ಒಂದು ನಂಬರಿರುತ್ತದೆ. ಬಿಡಲು ಸಹಾಯ ಬೇಕಾದವರಿಗೆ ಸರ್ಕಾರದ್ದು, ದುಡ್ಡಿಲ್ಲ. ಅಮ್ಮಾ, ಅಕ್ಕಾ, ನೀರಿನ ಟ್ಯಾಂಕಿನ ಹಿಂದಿರುವ ತಾಯೀ, ಅಲ್ಲಿಗೋ ನಿಮ್ಮ ಡಾಕ್ಟರಿಗೋ ಮಾತಾಡುವಾಗ ಪಟ್ಟಿ ಹಾಕಿಕೊಂಡು ಸೋತದ್ದನ್ನು ಹೇಳಿ, ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಹೇಳಿ, ತಿಂಗಳ ಯಾವ ವಾರದಲ್ಲಿ ಸಿಗರೇಟಿಗೆ ಕೈ ಹೆಚ್ಚು ತುರಿಸುತ್ತದೆ ಎಂಬುದನ್ನೂ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.